ಹಗುರ ಲ್ಯಾಪ್‌ಟಾಪ್‌: ತೂಕದೊಡನೆ ಇಳಿದುಹೋಗುವುದೇನು?

ಕಿರಿದಾದ, ಹಗುರವಾದ ಲ್ಯಾಪ್‌ಟಾಪ್‌ಗಳ ಈಚಿನ ಇತಿಹಾಸದಲ್ಲಿ ಎರಡು ಕವಲುಗಳಿವೆ. ಒಂದು ಅಗ್ಗದ ಕವಲು. 2007ರ ಕೊನೆಯಲ್ಲಿ ತೈವಾನಿನ ಏಸಸ್ ಸಂಸ್ಥೆ ಹೊರತಂದ ‘ಈ ಪಿಸಿ 701’ಕ್ಕೆ 7 ಅಂಗುಲದ ಪರದೆ, 512 ಎಂಬಿ ರ‍್ಯಾಮ್, 4 ಜಿಬಿ ಸಂಗ್ರಹ, ತೂಕ ಒಂದು ಕಿಲೋಗಿಂತ ಕಡಿಮೆ. ಇಂಥವುಗಳಿಗೆ ನೆಟ್‌ಬುಕ್ ಎಂಬ ಹೆಸರು ನಿಂತಿತು. ಇನ್ನೊಂದು ದುಬಾರಿ ಕವಲು. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಕಾಗದದ ಲಕೋಟೆಯಿಂದ ಹೊರತೆಗೆದು ತೋರಿಸಿದ ಮ್ಯಾಕ್‌ಬುಕ್ ಏರ್ 1.36 ಕಿಲೋ ತೂಗುತ್ತಿತ್ತು. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಮೊದಲ ಕವಲು ಕೆಲವೇ ವರ್ಷಗಳಲ್ಲಿ ಒಣಗಿತು. ಇಂದು ಅಂಗಡಿಗಳಲ್ಲಿ ಕಾಣುವ ತೆಳು ಯಂತ್ರಗಳು ಬಹುಮಟ್ಟಿಗೆ ಎರಡನೆಯದರ ಸಂತಾನ.

ಹಗುರತನದ ಅನುಕೂಲವನ್ನು ಪರದೇಶದಲ್ಲಿರುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಊರಿಗೆ ಹೊರಟಾಗ ಹಲವು ವಿಮಾನಸಂಸ್ಥೆಗಳು ಕೈಚೀಲಕ್ಕೆ ಕೊಡುವ ಮಿತಿ 7 ಕಿಲೋ. ಎರಡೂವರೆ ಕಿಲೋದ ಯಂತ್ರ, ಅರ್ಧ ಕಿಲೋದ ಚಾರ್ಜರ್ ಇಟ್ಟರೆ ಹೆಚ್ಚುಕಡಿಮೆ ಅರ್ಧ ಮಿತಿ ಅಲ್ಲಿಗೇ ತೀರಿತು. 1.2 ಕಿಲೋದ ಯಂತ್ರವಾದರೆ, ಮರಳುವಾಗ ಪುಸ್ತಕಕ್ಕೋ ಚಟ್ನಿಪುಡಿಗೋ ಒಂದೂವರೆ ಕಿಲೋದಷ್ಟು ಅವಕಾಶ ಉಳಿಯುತ್ತದೆ.

ಆದರೆ ಏನನ್ನಾದರೂ ತೆಗೆಯದೆ ತೂಕ ಇಳಿಯದು. ಸಿ.ಡಿ. ಡ್ರೈವ್ ಹೋದದ್ದಕ್ಕೆ ನನಗೆ ದುಃಖವಿಲ್ಲ. ಫ್ಯಾನ್ ಹೋದದ್ದನ್ನು ಗಮನಿಸಬೇಕು: 2020ರ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್‌ನಲ್ಲಿ ಅದಿಲ್ಲ. ಓದು, ಬರೆಹ, ವಿಡಿಯೊ ಕರೆಗಳಿಗೆ ಆ ಕೊರತೆ ತಿಳಿಯದು. ಗಂಟೆಗಟ್ಟಲೆ ವಿಡಿಯೊ ಸಂಕಲನ ಮಾಡುವವರಿಗೆ, ಬಿಸಿಯೇರಿದ ಚಿಪ್ಪು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು ಅನುಭವಕ್ಕೆ ಬರುತ್ತದೆ.

ನನ್ನ ದೃಷ್ಟಿಯಲ್ಲಿ ದೊಡ್ಡ ನಷ್ಟವಾಗಿರುವುದು ರ‍್ಯಾಮ್ ವಿಚಾರದಲ್ಲಿ. ತೆಳು ಯಂತ್ರಗಳಲ್ಲಿ ಅದನ್ನು ಸಾಮಾನ್ಯವಾಗಿ ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಕೊಳ್ಳುವ ದಿನ 8 ಜಿಬಿ ಆರಿಸಿದರೆ ಕೊನೆಯವರೆಗೂ 8 ಜಿಬಿಯೇ. ವಿಚಿತ್ರವೆಂದರೆ, ಆಟಿಕೆಯಂತೆ ಕಾಣುತ್ತಿದ್ದ 701ರ 4ಜಿ ಮಾದರಿಯಲ್ಲಿ ತಳದ ಮುಚ್ಚಳ ಬಿಚ್ಚಿ ರ‍್ಯಾಮ್ ಬದಲಿಸಬಹುದಾಗಿತ್ತು! ಐದಾರು ವರ್ಷ ಬಳಸಿ, ಬಳಿಕ ಊರಿನಲ್ಲಿರುವ ಅಪ್ಪ ಅಮ್ಮನಿಗೋ ತಮ್ಮನ ಮಕ್ಕಳಿಗೋ ಕೊಟ್ಟುಬರುವವರಿಗೆ ಇದು ಸಣ್ಣ ಸಂಗತಿಯಲ್ಲ. ಹಳೆಯ ದಪ್ಪ ಲ್ಯಾಪ್‌ಟಾಪಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ರ‍್ಯಾಮ್ ಸೇರಿಸಿ ಇನ್ನೆರಡು ವರ್ಷ ದೂಡಬಹುದು. ಬೆಸೆದ ಯಂತ್ರಕ್ಕೆ ಆ ಉಪಾಯ ನಡೆಯದು. ಆದ್ದರಿಂದ ಹಣ ಸೀಮಿತವಾಗಿದ್ದರೆ ನಾನು ಚಿಪ್ಪಿನ ವೇಗದಲ್ಲಿ ರಾಜಿಯಾಗಿ 16 ಜಿಬಿ ಆರಿಸುತ್ತೇನೆ.

ಕನ್ನಡದಲ್ಲಿ ಬರೆಯುವವರು ಕೀಲಿಮಣೆಯನ್ನೂ ಪರೀಕ್ಷಿಸಬೇಕು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಯಲ್ಲಿ ಆ, ಶ, ಧ, ಥ ಇವೆಲ್ಲ ಶಿಫ್ಟ್ ಒತ್ತಿ ಮೂಡಿಸುವ ಅಕ್ಷರಗಳು. ಅವುಗಳ ಕೀಲಿಗಳು ಎಡಗೈಯ ಪಾಲಿನವಾದ್ದರಿಂದ, ನೋಡದೆ ಟೈಪಿಸುವವರಿಗೆ ಬಲಬದಿಯ ಶಿಫ್ಟ್ ಬೇಕು. 701ರಲ್ಲಿ ಆ ಶಿಫ್ಟನ್ನು ಕುಗ್ಗಿಸಿ ಮೇಲ್ಬಾಣದ ಕೀಲಿಯ ಆಚೆಗೆ ತಳ್ಳಿದ್ದರು; ‘ಆಶಾ’ ಎಂದು ಬರೆಯಹೊರಟವರ ಕರ್ಸರ್ ಮೇಲಿನ ಸಾಲಿಗೆ ಜಿಗಿಯುವುದು ಸಹಜವೇ ಆಗಿತ್ತು. ಇಂದಿನ 13 ಅಂಗುಲದ ಯಂತ್ರಗಳಲ್ಲಿ ಈ ತೊಡಕು ವಿರಳ. ಅದಕ್ಕಿಂತ ಕಿರಿದನ್ನು ಬಯಸುವವರು ಅಂಗಡಿಯಲ್ಲೇ ಒಂದು ಪುಟ ಟೈಪಿಸಿ ನೋಡಲಿ. ‘ಸ್ತ್ರೀ’, ‘ರಾಷ್ಟ್ರ’ಗಳ ಒತ್ತು ಸ್ಪಷ್ಟವಾಗುವಷ್ಟು ಅಕ್ಷರ ಹಿಗ್ಗಿಸಿದಾಗ ಪರದೆಯ ಮೇಲೆ ಎಷ್ಟು ಸಾಲು ಉಳಿಯುತ್ತವೆಂಬುದನ್ನೂ ಅಲ್ಲೇ ಎಣಿಸಬಹುದು.