ಔಷಧಿ ಚೀಟಿಯಲ್ಲಿ ಹಾಲು, ತರಕಾರಿ

ವೈದ್ಯರು ಬರೆದುಕೊಟ್ಟ ಚೀಟಿಯನ್ನು ಹಿಡಿದು ದಿನಸಿ ಅಂಗಡಿಗೆ ಹೋದ ರೋಗಿಗಳ ಬಗ್ಗೆ ಕೇಳಿದ್ದೀರಾ? ಇದು ನಡೆದದ್ದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಮೌಂಡ್ ಬೇಯು ಎಂಬ ಪುಟ್ಟ ಊರಿನಲ್ಲಿ.

ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಜನರು 1887ರಲ್ಲಿ ಕಟ್ಟಿಕೊಂಡ ಊರು ಅದು. ಸುತ್ತಲೂ ಹತ್ತಿಯ ಹೊಲಗಳು. ಯಂತ್ರಗಳು ಮತ್ತು ಕಳೆನಾಶಕಗಳು ಬಂದ ಮೇಲೆ ಅಲ್ಲಿನ ಜನರಿಗೆ ಕೂಲಿಯೂ ಇಲ್ಲದಂತಾಯಿತು. 1967ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ವೈದ್ಯರಾದ ಜ್ಯಾಕ್ ಗೈಗರ್ ಮತ್ತು ಕೌಂಟ್ ಗಿಬ್ಸನ್, ಕೇಂದ್ರ ಸರ್ಕಾರದ ಬಡತನ ನಿವಾರಣೆಯ ಹಣದಿಂದ ಇಲ್ಲಿ ಆರೋಗ್ಯ ಕೇಂದ್ರವನ್ನು ತೆರೆದರು.

ಬಂದ ಮಕ್ಕಳಲ್ಲಿ ಭೇದಿ, ಅಪೌಷ್ಟಿಕತೆ. ಇಲ್ಲಿನ ವಿಜ್ಞಾನವನ್ನು ಗಮನಿಸಿ: ಹೊಟ್ಟೆಗಿಲ್ಲದ ದೇಹ ಸೋಂಕನ್ನು ತಡೆಯಲಾರದು, ಸೋಂಕು ತಗುಲಿದ ಕರುಳು ತಿಂದದ್ದನ್ನು ಹೀರಿಕೊಳ್ಳಲಾರದು. ಇಂಥ ಮಗುವಿಗೆ ಬರೀ ಔಷಧಿ ಕೊಟ್ಟು ಕಳಿಸಿದರೆ ಅದು ಮತ್ತೆ ಬರುತ್ತದೆ, ಅಥವಾ ಬರುವುದೇ ಇಲ್ಲ. ಆದ್ದರಿಂದ ವೈದ್ಯರು ಚೀಟಿಯಲ್ಲಿ ಹಾಲು, ಮಾಂಸ, ತರಕಾರಿ ಬರೆದರು. ಅಂಗಡಿಯವರು ಸಾಮಾನು ಕೊಟ್ಟು, ಲೆಕ್ಕವನ್ನು ಕೇಂದ್ರದ ಔಷಧಿ ವಿಭಾಗಕ್ಕೆ ಕಳಿಸಿದರು.

ಸರ್ಕಾರದ ಅಧಿಕಾರಿಗಳು ಸುಮ್ಮನಿದ್ದಾರೆಯೇ? ಔಷಧಿಯ ಹಣದಲ್ಲಿ ದಿನಸಿ ಕೊಳ್ಳುವುದೇ ಎಂದು ಆಕ್ಷೇಪ ಎತ್ತಿದರು. ಗೈಗರ್ ಕೊಟ್ಟ ಉತ್ತರ ಸರಳವಾಗಿತ್ತು: ವೈದ್ಯಶಾಸ್ತ್ರದ ಪ್ರಕಾರ ಅಪೌಷ್ಟಿಕತೆಗೆ ಮದ್ದು ಆಹಾರವೇ. ಆಕ್ಷೇಪ ಅಲ್ಲಿಗೆ ನಿಂತಿತು. ಲೆಕ್ಕಪತ್ರದ ನಿಯಮಗಳನ್ನು ಬಲ್ಲ ಯಾರಿಗಾದರೂ ಇದು ಎಂಥ ಧೈರ್ಯದ ಮಾತೆಂದು ತಿಳಿದೀತು!

ಗೈಗರ್ ಈ ಪಾಠವನ್ನು ಕಲಿತದ್ದು ದೂರದ ದಕ್ಷಿಣ ಆಫ್ರಿಕದಲ್ಲಿ. ಅಲ್ಲಿನ ಫೊಲೆಲಾದಲ್ಲಿ ಸಿಡ್ನಿ ಮತ್ತು ಎಮಿಲಿ ಕಾರ್ಕ್ ಎಂಬ ವೈದ್ಯ ದಂಪತಿ 1940ರಲ್ಲಿ ಜುಲು ಜನರಿಗಾಗಿ ಕೇಂದ್ರವೊಂದನ್ನು ಆರಂಭಿಸಿದ್ದರು. ಸ್ಥಳೀಯರನ್ನೇ ತರಬೇತುಗೊಳಿಸಿ ಮನೆಮನೆಗೆ ಕಳಿಸಿದರು, ಹಿತ್ತಲಲ್ಲಿ ಕೈತೋಟ ಮಾಡಿಸಿದರು. ಗೈಗರ್ 1957ರಲ್ಲಿ ವೈದ್ಯ ವಿದ್ಯಾರ್ಥಿಯಾಗಿ ಅವರೊಡನೆ ಕೆಲಸ ಮಾಡಿದ್ದರು. ವರ್ಣಭೇದದ ಸರ್ಕಾರಕ್ಕೆ ಇಂಥ ಕೆಲಸ ರುಚಿಸಲಿಲ್ಲ. ಮರುವರ್ಷವೇ ಕಾರ್ಕ್ ದಂಪತಿ ಆ ದೇಶವನ್ನು ಬಿಟ್ಟರು.

ಮೌಂಡ್ ಬೇಯು ಕೇಂದ್ರ ಚೀಟಿಗಷ್ಟೇ ನಿಲ್ಲಲಿಲ್ಲ. ಬಾವಿ ತೋಡಿಸಿತು, ಶೌಚಾಲಯ ಕಟ್ಟಿಸಿತು. ಜಾನ್ ಹ್ಯಾಚ್ ಎಂಬ ಸಂಘಟಕರ ನೆರವಿನಿಂದ ನೂರಾರು ಕುಟುಂಬಗಳು ಸಹಕಾರ ಸಂಘ ಕಟ್ಟಿಕೊಂಡು, ಹತ್ತಿಯ ನಾಡಿನಲ್ಲಿ ಸೊಪ್ಪು, ಕಾಳು, ಗೆಣಸು ಬೆಳೆದವು. ದಾನದ ಚೀಟಿಗಿಂತ ನನಗೆ ದೊಡ್ಡದಾಗಿ ಕಾಣುವುದು ಈ ಹೊಲ.

ಅಮೆರಿಕದಲ್ಲಿ ಇಂದು ಇಂಥ ಕೇಂದ್ರಗಳಿಗೆ ವರ್ಷಕ್ಕೆ 3 ಕೋಟಿಗೂ ಹೆಚ್ಚು ಜನ ಬರುತ್ತಾರೆ. 1975ರ ಕಾಯಿದೆಯಂತೆ ಪ್ರತಿ ಕೇಂದ್ರದ ಆಡಳಿತ ಮಂಡಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರು ಅಲ್ಲಿನ ರೋಗಿಗಳೇ ಆಗಿರಬೇಕು.