ಜ್ಯೇಷ್ಠಮಧುವಿನ ಮುದ್ರೆ ಬಿದ್ದ ಪೆಟ್ಟಿಗೆ

ಶಾಲೆ ಬಿಟ್ಟ ಮೇಲೆ ಒಂಬತ್ತನೇ ತರಗತಿಯ ಕೋಣೆಯಲ್ಲಿ ನಮ್ಮ ರಸಪ್ರಶ್ನೆ ಅಭ್ಯಾಸ ನಡೆಯುತ್ತದೆ. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ನಾನು ಪ್ರಶ್ನೆಗಳನ್ನು ಬರೆದಿಡುತ್ತೇನೆ. ಸಮಾಜ ವಿಜ್ಞಾನ ಕಲಿಸುವುದಕ್ಕೆ ಬಂದ ಇಷ್ಟು ವರ್ಷಗಳಲ್ಲಿ ಅಂಥ ಚೀಟಿಗಳು ಎರಡು ಚಪ್ಪಲಿ ಡಬ್ಬಿ ತುಂಬಿವೆ. ಅವತ್ತು ‘ವಿಶ್ವ ಇತಿಹಾಸ ಮತ್ತು ಆಡಳಿತ’ ಎಂದು ಬರೆದ ಡಬ್ಬಿ ತೆಗೆದಿದ್ದೆ. “ಗುಪ್ತ ಮತದಾನದ ಪದ್ಧತಿಯನ್ನು ಯಾವ ದೇಶದ ಹೆಸರಿನಿಂದ...” ಎನ್ನುವಷ್ಟರಲ್ಲಿ ಮೊದಲ ಬೆಂಚಿನ ಹುಡುಗಿ ಮೇಜು ತಟ್ಟಿ “ಆಸ್ಟ್ರೇಲಿಯಾ, ಮಿಸ್!” ಎಂದಳು.

“ಯಾವ ಇಸವಿ?”

“1856.”

ಎರಡೂ ಸರಿ. “ಮತವನ್ನು ಯಾಕೆ ಗುಟ್ಟಾಗಿ ಹಾಕಬೇಕು?” ಎಂದೆ. ಹುಡುಗಿ ನನ್ನ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ ಮೆಲ್ಲಗೆ, “ಅದು ರೂಲ್ಸು, ಮಿಸ್” ಎಂದಳು.

ತಪ್ಪು ಅವಳದಲ್ಲ. ನಾನು ಕೊಟ್ಟ ಚೀಟಿಯಲ್ಲಿ ಇದ್ದದ್ದೇ ಅಷ್ಟು. ಆಡಳಿತದ ಯಾವ ನಿಯಮವೂ ಸುಮ್ಮನೆ ಹುಟ್ಟುವುದಿಲ್ಲ. ಎಲ್ಲೋ ಯಾರೋ ಮೋಸ ಹೋಗಿರುತ್ತಾರೆ, ಯಾರೋ ಹೆದರಿರುತ್ತಾರೆ, ನಿಯಮ ಅದರ ಬೆನ್ನಿಗೆ ಬರುತ್ತದೆ. ಆ ರಾತ್ರಿ ಮತದಾನಕ್ಕೆ ಸಂಬಂಧಿಸಿದ ಚೀಟಿಗಳನ್ನೆಲ್ಲ ಆರಿಸಿ, ಒಂದೊಂದರ ಕೆಳಗೂ ಇನ್ನೊಂದು ಪ್ರಶ್ನೆ ಬರೆದೆ: ‘ಯಾರಿಗೆ ಹೆದರಿ?’

ಮೊದಲ ಚೀಟಿ ಅಥೆನ್ಸ್‌ನದು. ಅಲ್ಲಿನ ಪ್ರಜೆಗಳು ವರ್ಷಕ್ಕೊಮ್ಮೆ, ಬೇಕೆಂದು ತೀರ್ಮಾನಿಸಿದರೆ, ಒಬ್ಬ ಮನುಷ್ಯನನ್ನು ಹತ್ತು ವರ್ಷ ಊರಾಚೆ ಕಳಿಸಬಹುದಿತ್ತು. ಬೇಡವಾದವನ ಹೆಸರನ್ನು ಒಡೆದ ಮಡಕೆಯ ಚೂರಿನ ಮೇಲೆ ಕೆತ್ತಿ ಹಾಕುವುದೇ ಮತ. ಇದು ಮೊದಲು ನಡೆದದ್ದು ಕ್ರಿ.ಪೂ. 487ರಲ್ಲಿ. ಆರು ಸಾವಿರ ಚೂರು ಬೀಳಬೇಕಿತ್ತು. ಹೊರಟವನ ಹೊಲ, ಮನೆ ಮುಟ್ಟುಗೋಲಾಗುತ್ತಿರಲಿಲ್ಲ, ಅವಧಿ ಮುಗಿಸಿ ಹಿಂದಿರುಗಿ ಮೊದಲಿನಂತೆ ಬಾಳಬಹುದಿತ್ತು. ಯಾರಿಗೆ ಹೆದರಿ? ತಮ್ಮಲ್ಲೇ ಒಬ್ಬ ಬೆಳೆದು ಬೆಳೆದು ಎಲ್ಲರ ತಲೆಯ ಮೇಲೆ ಕೂರುತ್ತಾನೆ ಎಂಬ ಹೆದರಿಕೆ.

ಆದರೆ ಮಡಕೆ ಚೂರಿಗೂ ಮೋಸ ತಗುಲಿತು. ಅಕ್ರೊಪೊಲಿಸ್ ಗುಡ್ಡದ ಉತ್ತರ ಇಳಿಜಾರಿನ ಒಂದು ಬಾವಿಯಲ್ಲಿ ಸುಮಾರು 190 ಚೂರುಗಳು ಸಿಕ್ಕಿವೆ. ಎಲ್ಲದರ ಮೇಲೂ ಥೆಮಿಸ್ಟೊಕ್ಲಿಸ್ ಎಂಬ ಒಬ್ಬನದೇ ಹೆಸರು. ಅಕ್ಷರ ಹೋಲಿಸಿ ನೋಡಿದ ವಿದ್ವಾಂಸರಿಗೆ ಕಂಡದ್ದು ಹದಿನಾಲ್ಕೇ ಜನರ ಕೈಬರಹ. ಅವನ ವಿರೋಧಿಗಳು ಮೊದಲೇ ಬರೆದು, ಹಂಚುವುದಕ್ಕೆ ಇಟ್ಟುಕೊಂಡಿದ್ದ ಚೂರುಗಳು ಅವು. ಪ್ಲುಟಾರ್ಕ್ ಹೇಳುವ ಇನ್ನೊಂದು ಕಥೆ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಓದು ಬಾರದ ಒಬ್ಬ ಹಳ್ಳಿಗ ಪಕ್ಕದಲ್ಲಿದ್ದವನಿಗೆ ಚೂರು ಕೊಟ್ಟು, ಇದರ ಮೇಲೆ ಅರಿಸ್ಟೈಡಿಸನ ಹೆಸರು ಬರೆದುಕೊಡು ಎಂದನಂತೆ. ಪಕ್ಕದಲ್ಲಿದ್ದವನೇ ಅರಿಸ್ಟೈಡಿಸ್. ಅವನು ಮಾತಾಡದೆ ತನ್ನ ಹೆಸರನ್ನೇ ಬರೆದುಕೊಟ್ಟನಂತೆ. ಕಥೆ ಅರಿಸ್ಟೈಡಿಸನ ದೊಡ್ಡ ಮನಸ್ಸಿನದು. ನಾನು ಮಾತ್ರ ಆ ಹಳ್ಳಿಗನನ್ನು ಮರೆತವಳಲ್ಲ. ಅಕ್ಷರ ಬಾರದವನಿಗೆ ಗುಟ್ಟು ಎಂಬುದೇ ಇರಲಿಲ್ಲ. ಅವನ ಪಾಡಿಗೆ ಪರಿಹಾರ ಸಿಗಲು ಎರಡು ಸಾವಿರ ವರ್ಷಕ್ಕೂ ಮೀರಿ ಕಾಯಬೇಕಾಯಿತು.

ಎರಡನೆಯ ಚೀಟಿ ನಮ್ಮ ನೆರೆಯದು. ಕಾಂಚೀಪುರದ ಹತ್ತಿರದ ಉತ್ತರಮೇರೂರಿನಲ್ಲಿ, ಚೋಳ ದೊರೆ ಒಂದನೇ ಪರಾಂತಕನ ಕಾಲದ, ಅಂದರೆ ಹತ್ತನೇ ಶತಮಾನದ ಆರಂಭದ ಶಾಸನಗಳಿವೆ. ಊರಿನ 30 ಭಾಗಗಳಿಂದ ಅರ್ಹರ ಹೆಸರನ್ನು ಓಲೆಗರಿಯಲ್ಲಿ ಬರೆದು ಕೊಡಕ್ಕೆ ಹಾಕಿ, ಏನೂ ಅರಿಯದ ಚಿಕ್ಕ ಹುಡುಗನ ಕೈಯಲ್ಲಿ ಎತ್ತಿಸುತ್ತಿದ್ದರು. ಇದು ಮತದಾನವಲ್ಲ, ಚೀಟಿ ಎತ್ತುವುದು. ಜೊತೆಗೆ, ಆ ಕೊಡದೊಳಗೆ ಹೋಗುತ್ತಿದ್ದದ್ದು ಭೂಮಿ ಇದ್ದ, ವೇದ ಬಲ್ಲ ಗಂಡಸರ ಹೆಸರು ಮಾತ್ರ. ಮಕ್ಕಳಿಗೆ ಇದನ್ನೂ ಬಿಚ್ಚಿ ಹೇಳುತ್ತೇನೆ. ಆದರೆ ಆ ಕಲ್ಲಿನ ಮೇಲೆ ಒಂದು ಕಟ್ಟಳೆ ಇದೆ: ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಕೊಡಕ್ಕೆ ಬೀಳಕೂಡದು, ಅವನ ಹತ್ತಿರದ ನೆಂಟರದೂ ಬೀಳಕೂಡದು. ಯಾರಿಗೆ ಹೆದರಿದ್ದರು ಎಂದು ಕೇಳಿದರೆ ಈಗ ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತದೆ.

ಇದಾಗಿ ಮುನ್ನೂರೈವತ್ತು ವರ್ಷದ ಮೇಲೆ, 1268ರಲ್ಲಿ, ವೆನಿಸ್ ನಗರದವರು ತಮ್ಮ ಮುಖ್ಯಸ್ಥ ಡೋಜ್‌ನ ಆಯ್ಕೆಗೆ ಮಾಡಿಕೊಂಡ ಏರ್ಪಾಡಿನಲ್ಲೂ ಗೋಲಿ ಎತ್ತುವುದಕ್ಕೆ ಬೀದಿಯಿಂದ ಒಬ್ಬ ಚಿಕ್ಕ ಹುಡುಗನನ್ನು ಕರೆತರುತ್ತಿದ್ದರು. ‘ಬ್ಯಾಲೆಟ್’ ಎಂಬ ಮಾತು ಬಂದದ್ದೇ ಪುಟ್ಟ ಗೋಲಿಗೆ ಇಟಲಿಯವರು ಹೇಳುವ ಹೆಸರಿನಿಂದ. ಒಂದನ್ನೊಂದು ಕಾಣದ ಎರಡು ಊರು, ಕೊಳ್ಳಲಾಗದ ಕೈ ಯಾವುದೆಂದು ಹುಡುಕಿ ಎರಡೂ ಮಗುವಿನ ಕೈಯನ್ನೇ ಆರಿಸಿಕೊಂಡವು.

ಇನ್ನು ನನ್ನ ಹುಡುಗಿ ಮೇಜು ತಟ್ಟಿದ ಪ್ರಶ್ನೆ. 1872ರವರೆಗೆ ಇಂಗ್ಲೆಂಡಿನಲ್ಲಿ ಮತದಾರ ಎಲ್ಲರೆದುರು ನಿಂತು ತನ್ನ ಆಯ್ಕೆಯನ್ನು ಬಾಯಿಬಿಟ್ಟು ಹೇಳಬೇಕಿತ್ತು. ಗುಮಾಸ್ತ ಬರೆದುಕೊಳ್ಳುತ್ತಿದ್ದ. ಯಾರು ಯಾರಿಗೆ ಹಾಕಿದರು ಎಂಬ ಪಟ್ಟಿ ಅಚ್ಚಾಗಿ ಪುಸ್ತಕವಾಗಿ ಮಾರಾಟಕ್ಕೂ ಬರುತ್ತಿತ್ತು. ಜಮೀನ್ದಾರನ ಹೊಲ ಗೇಯುವ ಒಕ್ಕಲಿನವನು ಅವನಿಗೆ ಆಗದವನ ಹೆಸರು ಹೇಳಿದರೆ ಗೇಣಿಯೂ ಹೋಯಿತು, ಮನೆಯೂ ಹೋಯಿತು. 1838ರಲ್ಲಿ ಚಾರ್ಟಿಸ್ಟರು ಎಂಬ ದುಡಿಯುವ ಜನರ ಗುಂಪು ಆರು ಬೇಡಿಕೆಗಳ ಸನ್ನದು ಹೊರಡಿಸಿತು. ಅದರಲ್ಲಿ ಗುಪ್ತ ಮತದಾನವೂ ಒಂದು. ಪಾರ್ಲಿಮೆಂಟು ತಳ್ಳಿಹಾಕಿತು. ಆದರೆ ಇಂಗ್ಲೆಂಡಿನಲ್ಲಿ ಸೋತ ವಿಚಾರ ಅದರ ವಸಾಹತಿನಲ್ಲಿ ಗೆದ್ದಿತು. ವಿಕ್ಟೋರಿಯಾ, ಟಾಸ್ಮೇನಿಯಾ, ದಕ್ಷಿಣ ಆಸ್ಟ್ರೇಲಿಯಾ ಮೂರೂ 1856ರಲ್ಲೇ ಗುಪ್ತ ಮತದಾನವನ್ನು ಕಾನೂನು ಮಾಡಿದವು. ಸರ್ಕಾರವೇ ಎಲ್ಲ ಅಭ್ಯರ್ಥಿಗಳ ಹೆಸರಿರುವ ಚೀಟಿ ಅಚ್ಚು ಹಾಕಿಸಬೇಕು, ಮತದಾರ ಅದನ್ನು ಮರೆಗೆ ಒಯ್ದು ಒಬ್ಬನೇ ಗುರುತು ಮಾಡಬೇಕು. ವಿಕ್ಟೋರಿಯಾದವರು ಬೇಡದ ಹೆಸರುಗಳನ್ನು ಹೊಡೆದು ಹಾಕುತ್ತಿದ್ದರು. ದಕ್ಷಿಣ ಆಸ್ಟ್ರೇಲಿಯಾದಲ್ಲಿ ವಿಲಿಯಂ ಬೂತ್ಬಿ ಎಂಬ ಅಧಿಕಾರಿ, ಬೇಕಾದ ಹೆಸರಿನ ಪಕ್ಕದ ಚೌಕದಲ್ಲಿ ಕತ್ತರಿ ಗುರುತು ಹಾಕುವುದನ್ನು ರೂಢಿಗೆ ತಂದ.

ಕೊನೆಗೆ ಇಂಗ್ಲೆಂಡೂ ಕಲಿತಿತು. ಹೊಸ ಕಾನೂನಿನ ಕೆಳಗೆ ಪಾರ್ಲಿಮೆಂಟಿಗೆ ಮೊದಲ ಗುಪ್ತ ಮತದಾನ ನಡೆದದ್ದು 1872ರ ಆಗಸ್ಟ್ 15ರಂದು, ಪಾಂಟಿಫ್ರಾಕ್ಟ್ ಎಂಬ ಚಿಕ್ಕ ಊರಿನ ಉಪಚುನಾವಣೆಯಲ್ಲಿ. ಗೆದ್ದ ಹ್ಯೂ ಚಿಲ್ಡರ್ಸ್ ಹಿಂದೆ ಅದೇ ವಿಕ್ಟೋರಿಯಾದಲ್ಲಿ ಅಧಿಕಾರಿಯೂ ಶಾಸಕನೂ ಆಗಿದ್ದವನು. ಆ ಊರು ಹೆಸರಾದದ್ದು ಜ್ಯೇಷ್ಠಮಧುವಿನ ಕರಿ ಬಿಲ್ಲೆ ಮಿಠಾಯಿಗೆ. ಮತಪೆಟ್ಟಿಗೆಗೆ ಅರಗು ಹಾಕಿದ ಮೇಲೆ ಒತ್ತುವುದಕ್ಕೆ ಮಿಠಾಯಿ ಕಾರ್ಖಾನೆಯ ಅಚ್ಚನ್ನೇ ತಂದರು. ಕೋಟೆ ಮತ್ತು ಗೂಬೆಯ ಚಿತ್ರವಿರುವ ಅಚ್ಚು ಅದು. ಆ ಮರದ ಪೆಟ್ಟಿಗೆ ಅರಗಿನ ಸಮೇತ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಈ ಪಾಠದ ದಿನ ಗ್ರಂಥಿಗೆ ಅಂಗಡಿಯಿಂದ ಜ್ಯೇಷ್ಠಮಧುವಿನ ಬೇರು ತಂದು ಮಕ್ಕಳಿಗೆ ಒಂದೊಂದು ಚೂರು ಜಗಿಯಲು ಕೊಡುತ್ತೇನೆ. ನಾಲಿಗೆಯ ಮೇಲೆ ಸಿಹಿ ನಿಂತಷ್ಟು ಹೊತ್ತೂ ಊರಿನ ಹೆಸರು ನೆನಪಿನಲ್ಲಿ ನಿಲ್ಲುತ್ತದೆ.

ಅಥೆನ್ಸಿನ ಹಳ್ಳಿಗನಿಗೆ ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲಿ. 1951ರ ಅಕ್ಟೋಬರ್‌ನಿಂದ 1952ರ ಫೆಬ್ರುವರಿಯವರೆಗೆ ನಡೆದ ಮೊದಲ ಮಹಾಚುನಾವಣೆಗೆ ಮತದಾರರು ಸುಮಾರು 17.3 ಕೋಟಿ. 1951ರ ಜನಗಣತಿಯಂತೆ ಓದು ಬಲ್ಲವರು ನೂರಕ್ಕೆ ಹದಿನೆಂಟು ಮಂದಿ. ಚೀಟಿಯಲ್ಲಿ ಹೆಸರು ಓದು ಎಂದರೆ ಉಳಿದವರು ಪಕ್ಕದವನ ಕೈ ಕಾಯಬೇಕಿತ್ತು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಆಯೋಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಉಕ್ಕಿನ ಪೆಟ್ಟಿಗೆ ಇರಿಸಿ, ಮೇಲೆ ಅವರವರ ಗುರುತು ಅಂಟಿಸಿತು. ಎತ್ತೋ, ದೀಪವೋ, ಮರವೋ, ಕಣ್ಣಿಗೆ ಕಂಡ ಗುರುತಿನ ಪೆಟ್ಟಿಗೆಗೆ ಚೀಟಿ ಹಾಕಿ ಬಂದರಾಯಿತು. ಬರೆಯುವ ಹಂಗಿಲ್ಲ, ಯಾರನ್ನೂ ಕೇಳುವ ಹಂಗಿಲ್ಲ.

ಅದೇ ಚುನಾವಣೆಯ ಇನ್ನೊಂದು ಅಂಕಿಯನ್ನು ಓದುವಾಗ ನನ್ನ ದನಿ ಇಳಿಯುತ್ತದೆ. ಬಹುಪಾಲು ಉತ್ತರದ ಪ್ರಾಂತ್ಯಗಳಲ್ಲಿ ಪಟ್ಟಿ ಬರೆಯಲು ಬಂದವರಿಗೆ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಹೆಸರಿಲ್ಲದವರನ್ನು ಪಟ್ಟಿಯಿಂದ ತೆಗೆಯಬೇಕೆಂದು ಆಯೋಗ ಹೇಳಿತು. ಹಾಗೆ ಹೊರಗುಳಿದವರು ಸುಮಾರು 28 ಲಕ್ಷ ಮಹಿಳೆಯರು.

ಕೊನೆಯ ಚೀಟಿ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಆರಂಭಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್. 1962ರ ಚುನಾವಣೆಯಿಂದ ಬೆರಳಿನ ಶಾಯಿ ಅಲ್ಲಿಂದ ಬರುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿ ಬೆಳಕು ಬಿದ್ದೊಡನೆ ಕಪ್ಪಾಗುತ್ತದೆ, ಉಗುರು ಬೆಳೆದು ಹೋಗುವವರೆಗೆ ಅಳಿಯುವುದಿಲ್ಲ. ಇಲ್ಲಿನ ಹೆದರಿಕೆ ಒಬ್ಬನೇ ಇನ್ನೊಬ್ಬರ ಹೆಸರಿನಲ್ಲಿ ಮತ್ತೆ ಬಂದಾನು ಎಂಬುದು.

ಆ ಶಾಯಿ ಹಚ್ಚುವ ಕೆಲಸ ನಾನೂ ಮಾಡಿದ್ದೇನೆ. ಶಿರಾ ಕಡೆಯ ಒಂದು ಹಳ್ಳಿಶಾಲೆಯಲ್ಲಿ ನಾನು ಎರಡನೇ ಪೋಲಿಂಗ್ ಆಫೀಸರ್. ಪುಟ್ಟ ಬಾಟಲಿ ಉರುಳಬಾರದೆಂದು ಮರಳು ತುಂಬಿದ ಬಟ್ಟಲಲ್ಲಿ ನೆಟ್ಟಿದ್ದೆ. ಹನ್ನೊಂದು ಗಂಟೆಯ ಹೊತ್ತಿಗೆ ಎಂಬತ್ತು ದಾಟಿದ ಅಜ್ಜಿ ಮೊಮ್ಮಗನ ತೋಳು ಹಿಡಿದು ಬಂದರು. “ಅಜ್ಜಿಗೆ ಕಣ್ಣು ಕಾಣಲ್ಲ ಮೇಡಂ, ನಾನೇ ಒಳಗೆ ಹೋಗಿ ಒತ್ತಿಸ್ತೀನಿ” ಎಂದ ಅವನು. ಕಣ್ಣು ಕಾಣದವರಿಗೆ ಜೊತೆಗಾರರನ್ನು ಬಿಡುವ ನಿಯಮ ಇದೆ. ನಾನು ಅಜ್ಜಿಯ ಎಡಗೈ ತೋರುಬೆರಳಿಗೆ ಗೆರೆ ಎಳೆಯುತ್ತಿದ್ದೆ. ಅವರು ಬೆರಳನ್ನು ಅಲುಗಿಸದೆ ತಲೆ ಎತ್ತಿ, “ಕಾಣಿಸ್ತದೆ ಕಣವ್ವ ನಂಗೆ” ಎಂದರು.

ಪ್ರಿಸೈಡಿಂಗ್ ಆಫೀಸರ್ ರಟ್ಟಿನ ಮಾದರಿ ಯಂತ್ರ ತೋರಿಸಿ, ಎಲ್ಲಿ ಒತ್ತಬೇಕೆಂದು ವಿವರಿಸಿದರು. ಮೊಮ್ಮಗ ಬಾಗಿಲಾಚೆ ನಿಂತ. ಅಜ್ಜಿ ಗೋಡೆ ಸವರಿಕೊಂಡು ರಟ್ಟಿನ ಮರೆಗೆ ಹೋದರು. ತುಸು ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಉದ್ದನೆಯ ಬೀಪ್ ಸದ್ದು. ಹೊರಗೆ ಬಂದಾಗ ಮೊಮ್ಮಗ “ಯಾರಿಗೆ ಒತ್ತಿದೆ ಅಜ್ಜೀ?” ಎಂದ. ಅವರು ಬೆರಳನ್ನು ಅವನ ಮೂಗಿನ ಹತ್ತಿರ ಹಿಡಿದು, “ಒತ್ತಿವ್ನಿ, ನೋಡು” ಎಂದಷ್ಟೇ ಹೇಳಿ ಮೆಟ್ಟಿಲಿಳಿದರು.

ಇದನ್ನು ಹೇಳಿ ಮುಗಿಸಿದಾಗ ಅಭ್ಯಾಸದ ಕೋಣೆಯಲ್ಲಿ ಸಂಜೆಯಾಗಿತ್ತು. ಮೊದಲ ಬೆಂಚಿನ ಹುಡುಗಿ ಕೇಳಿದಳು, “ಹಾಗಾದ್ರೆ ಮನೆಯವರಿಗೂ ಹೇಳಬೇಕಾಗಿಲ್ವಾ, ಮಿಸ್?”

“ಬೇಕಾಗಿಲ್ಲ.”

“ಅಪ್ಪನಿಗೂ?”

“ಅಪ್ಪನಿಗೂ.”

ಆಸ್ಟ್ರೇಲಿಯಾದ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ‘ಯಾರಿಗೆ ಹೆದರಿ?’ ಎಂಬುದರ ಕೆಳಗೆ ಅವಳು ಬಹಳ ಹೊತ್ತು ಏನೋ ಬರೆದಳು. ಬರೆದು ಮಡಚಿ ಕೊಟ್ಟಳು. ನಾನು ಬಿಚ್ಚದೆ ಹಾಗೆಯೇ ಡಬ್ಬಿಗೆ ಹಾಕಿದೆ.