ಎರಡು ಎಕರೆಗೆ ಒಂದು ಚುಕ್ಕಿ

ಖಾನಾಪುರದಿಂದ ಬೆಳಗಾವಿಗೆ ಹೋಗೂ ಮುಂದ ಮಚ್ಛೆ ಹತ್ರ ವಿಟಿಯು ಐತಿ, 1998ರಲ್ಲಿ ಶುರುವಾದ ವಿಶ್ವವಿದ್ಯಾಲಯ. ಅದರ ವ್ಯಾಪ್ತಿಗೆ ಸೇರಿದ ಬೆಂಗಳೂರಿನ ಕಾಲೇಜುಗಳ ಹುಡುಗ-ಹುಡುಗಿಯರು ಹೈದರಾಬಾದಿನವರ ಜೋಡಿ ಕೂಡಿ, ಒಟ್ಟು 7 ಕಾಲೇಜಿನವರು, ಒಂದು ಉಪಗ್ರಹ ಕಟ್ಟಿದ್ರು. ಹೆಸರು ಸ್ಟಡ್‌ಸ್ಯಾಟ್, ತೂಕ 1 ಕಿಲೋದೊಳಗ. 2010ರ ಜುಲೈ 12ಕ್ಕ ಶ್ರೀಹರಿಕೋಟಾದಿಂದ ಹಾರಿತು. ನೆಲದ ಫೋಟೋ ತೆಗಿಯೂ ಕ್ಯಾಮೆರಾ ಅದರಾಗ ಇಟ್ಟಿದ್ರು. ಆ ಫೋಟೋದಾಗಿನ ಒಂದು ಚುಕ್ಕಿ ಅಂದ್ರ ನೆಲದ ಮ್ಯಾಲೆ 90 ಮೀಟರ್ ಉದ್ದ, 90 ಮೀಟರ್ ಅಗಲ. ನಮ್ಮ ಲೆಕ್ಕದಾಗ 2 ಎಕರೆ.

ಚುಕ್ಕಿ ದೊಡ್ಡದಾತು ಅಂತ ನಗಬ್ಯಾಡ್ರಿ. 1979ರ ಜೂನ್ 7ಕ್ಕ ರಷ್ಯಾದವರ ರಾಕೆಟ್‌ನಾಗ ಹೋದ ನಮ್ಮ ಭಾಸ್ಕರ-1ರ ಒಂದು ಚುಕ್ಕಿಗೆ 1 ಕಿ.ಮೀ. ಅಗಲ, ಅಂದ್ರ 247 ಎಕರೆ. ಉಡುಪಿ ಕಡೆಯ ಯು.ಆರ್. ರಾವ್ ಇಸ್ರೋ ಅಧ್ಯಕ್ಷರಿದ್ದಾಗ, 1988ರ ಮಾರ್ಚ್ 17ಕ್ಕ, ಐಆರ್‌ಎಸ್-1ಎ ಹೋತು. ಅದರ ಒಳ್ಳೆ ಕ್ಯಾಮೆರಾದ ಚುಕ್ಕಿ 36.25 ಮೀಟರ್, ಸುಮಾರು 13 ಗುಂಟೆ. ಸ್ಟಡ್‌ಸ್ಯಾಟ್ ಜೋಡಿ ಅದೇ ರಾಕೆಟ್‌ನಾಗ ಹೋದ ಕಾರ್ಟೋಸ್ಯಾಟ್-2ಬಿಗೆ 1 ಮೀಟರಿಗಿಂತ ಸಣ್ಣ ವಸ್ತುನೂ ಕಾಣ್ತಿತ್ತು.

ಖಾನಾಪುರ ಕಡೆ ಭತ್ತದ ಗದ್ದಿ ಹಲವು ಕಡೆ ಗುಂಟೆ ಲೆಕ್ಕದಾಗ. ಬದುವಿನಾಚೆ ಗೇರು, ಅದರಾಚೆ ಕಾಡು. 2 ಎಕರೆ ಚುಕ್ಕಿಯೊಳಗ ಮೂರೂ ಕಲೆತು ಒಂದೇ ಬಣ್ಣ ಆಗ್ತದ. ಇನ್ನ ಕಣಕುಂಬಿ ಮಗ್ಗಲ ಮಳಿಗಾಲದಾಗ ಮೋಡ ಸರಿಯೂದಿಲ್ಲ. ಸಾದಾ ಕ್ಯಾಮೆರಾಕ್ಕ ಮೋಡ ಅಷ್ಟೇ ಸಿಗ್ತದ. ಮೋಡದೊಳಗಿಂದ ನೆಲ ನೋಡೂ ರೇಡಾರ್ ಉಪಗ್ರಹ ರಿಸ್ಯಾಟ್-1 ಇಸ್ರೋ ಹಾರಿಸಿದ್ದು 2012ರಾಗ.

ಇದನ್ನ ಸಾಲಿ ಮಕ್ಕಳಿಗೆ ಹೊಲದಾಗ ಕಲಿಸಬಹುದು. 33 ಅಡಿ ಹಗ್ಗ ತಗೊಂಡು ಒಂದು ಕಡೆ 9 ಸಲ, ಅಡ್ಡ 9 ಸಲ ಹಾಕಿಸ್ರಿ. 81 ಗುಂಟೆ ಆತು, ಹೆಚ್ಚುಕಡಿಮಿ ಸ್ಟಡ್‌ಸ್ಯಾಟಿನ ಒಂದು ಚುಕ್ಕಿ. ಅದರೊಳಗ ಏನೇನ್ ಬೆಳೆ, ಎಷ್ಟ್ ಗಿಡ, ಎಲ್ಲಿ ನೀರು ಅಂತ ಬರಸ್ರಿ. ಆಮ್ಯಾಲೆ ಕೇಳ್ರಿ: ಇಷ್ಟಕ್ಕೂ ಒಂದೇ ಬಣ್ಣ ಕೊಡಂದ್ರ ಯಾವುದು ಕೊಡ್ತಿ?

ಇದು ಬರೇ ಆಟ ಅಲ್ಲ. 2023ರ ಮುಂಗಾರಿನಿಂದ ಬೆಳೆ ವಿಮೆಯೊಳಗ ಭತ್ತದ ಇಳುವರಿ ಅಂದಾಜಿಗೆ ಉಪಗ್ರಹ ಚಿತ್ರಾನೂ ಬಳಸೂ ಪದ್ಧತಿ ದೇಶದಾಗ ಶುರು ಆಗೇತಿ. ನಾಳೆ ನಮ್ಮ ಗದ್ದಿ ಲೆಕ್ಕ ಮ್ಯಾಲಿಂದ ಬಂದಾಗ, ಚುಕ್ಕಿ ಎಷ್ಟು ದೊಡ್ಡದು, ಫೋಟೋ ಯಾವ ತಾರೀಖಿಂದು, ಮೋಡ ಇತ್ತೋ ಇಲ್ಲೋ, ಕೆಳಗ ಬಂದು ಯಾರ ನೋಡ್ಯಾರ ಅಂತ ಈ ನಾಲ್ಕು ಪ್ರಶ್ನೆ ಕೇಳೂ ಮಕ್ಕಳು ಊರಾಗ ಇರಬೇಕು.